ಹಿಂದಕ್ಕೆ ಹೋಗುವ ಬಾಣ

ನಮ್ಮ ಹೆಂಗಸರು ಮುಂದಕ್ಕೆ ನಡೆಯುತ್ತಿದ್ದರು.

ನಾನು ಸಿಂಧನೂರಿನ ಒಂದು ಸ್ಟುಡಿಯೋದಲ್ಲಿ ಮದುವೆ ವಿಡಿಯೋಗಳನ್ನು ಎಡಿಟ್ ಮಾಡುತ್ತೇನೆ. ಆವತ್ತು ಕಂಪ್ಯೂಟರಿನಲ್ಲಿ ಯಾರದೋ ಅರಿಶಿನದ ನೀರು ಅರ್ಧ ಸುರಿದು ನಿಂತಿತ್ತು. ಪಕ್ಕದಲ್ಲಿ ಫೋನು ಹಿಡಿದು, ಲಿಂಗಸುಗೂರಿನಿಂದ ಬಂದ ಚಿಕ್ಕ ವಿಡಿಯೋವೊಂದನ್ನು ತೆರೆದೆ. ಬರೀ ಗೆರೆಗಳ ಹೆಂಗಸರು, ನಾನೇ ಬರೆದವರು. ಸೊಂಟ ಬಗ್ಗಿಸಿ, ಕೆಸರು ಗದ್ದೆಯಲ್ಲಿ ನೆಲ್ಲು ಹಚ್ಚುತ್ತ ಮುಂದೆ ಮುಂದೆ ಹೋಗುತ್ತಿದ್ದರು. ಅವರ ಬೆನ್ನ ಹಿಂದೆ ಹಸಿರು ಸಾಲು ತಾನಾಗಿ ಏಳುತ್ತಿತ್ತು.

ನೆಲ್ಲು ಹಚ್ಚುವುದನ್ನು ಹತ್ತಿರದಿಂದ ಕಂಡವರು ಇದನ್ನು ನೋಡಿದರೆ ನಗುತ್ತಾರೆ. ಭತ್ತದ ಸಸಿ ಊರುವವರು ಹಿಂದಕ್ಕೆ ಸರಿಯುತ್ತಾರೆ. ಊರಿದ ಸಾಲು ಕಣ್ಣ ಮುಂದಿರುತ್ತದೆ, ಇನ್ನೂ ಊರಬೇಕಾದ ನೆಲ ಬೆನ್ನ ಹಿಂದೆ. ಮುಂದೆ ನಡೆದರೆ ತಾವು ಊರಿದ್ದನ್ನು ತಾವೇ ತುಳಿಯಬೇಕಾಗುತ್ತದೆ. ನಾನೂ ನಕ್ಕೆ. ಎರಡನೇ ಸಲ ನೋಡಿದಾಗ ಸಿಟ್ಟು ಬಂತು. ಮೂರನೇ ಸಲ ನೋಡುವ ಹೊತ್ತಿಗೆ ಭಯವಾಗಿತ್ತು, ಏಕೆಂದರೆ ಆ ವಿಡಿಯೋ ಒಂದು ಪರೀಕ್ಷೆಯಾಗಿತ್ತು.

ಅದನ್ನು ಕಳಿಸಿದವನು ಅನಿಮೇಷನ್ ಮಾಡುವ ಹುಡುಗ. ಹುಡುಗ ಎಂದರೆ ನನಗಿಂತ ಕೆಲವು ವರ್ಷ ಚಿಕ್ಕವನು, ಅಷ್ಟೆ. ಲಿಂಗಸುಗೂರಿನಲ್ಲಿ ಮನೆಯ ಮಾಳಿಗೆಯ ಮೇಲಿನ ಕೋಣೆಯಲ್ಲಿ ಕೂತು ಕೆಲಸ ಮಾಡುತ್ತಾನೆ. ನಮ್ಮ ಪರಿಚಯ ಶುರುವಾದದ್ದು ಜಗಳದಿಂದ. ಅವನ ಕಾಕನ ಮಗಳ ಮದುವೆಗೆ ಅವನೊಂದು ಚಲಿಸುವ ಆಮಂತ್ರಣ ಮಾಡಿದ್ದ. ಮದುವೆಯ ವಿಡಿಯೋಗೆ ಅದನ್ನು ಜೋಡಿಸುವಾಗ ನಾನು ಅರ್ಧಕ್ಕೆ ಕತ್ತರಿಸಿದ್ದೆ. ಕೇಳಲು ಬಂದವನು ಬಾಗಿಲಲ್ಲೇ ನಿಂತು, "ನವಿಲು ಇನ್ನ ಗರಿ ಬಿಚ್ಚೇ ಇಲ್ರೀ ಅಕ್ಕಾ, ಆಗಲೇ ಬೀಗರು ಬಂದುಬಿಟ್ಟಾರ!" ಅಂದಿದ್ದ.

ಆ ಜಗಳ ಮುಗಿಯುವಷ್ಟರಲ್ಲಿ ನಾನು ಮಾಡಬೇಕೆಂದಿದ್ದ ಚಿತ್ರದ ವಿಷಯ ಅವನಿಗೆ ಹೇಳಿದ್ದೆ. ಅಥವಾ ಅದು ಅವನು ಎರಡನೇ ಸಲ ಬಂದಾಗ ಇರಬೇಕು. ನನ್ನ ಕಸುಬಿನವರು ತಮ್ಮ ನೆನಪನ್ನು ಬಹಳ ನಂಬಬಾರದು. ಹೆಣ್ಣು ಒಪ್ಪಿಸಿಕೊಡುವಾಗಿನ ಅಳು ಸರಿಯಾಗಿ ಸಿಕ್ಕಿರದಿದ್ದರೆ, ತಾಳಿ ಕಟ್ಟುವಾಗ ಅತ್ತಿದ್ದನ್ನು ತಂದು ಅಲ್ಲಿ ಕೂರಿಸುತ್ತೇನೆ. ವರ್ಷ ಕಳೆದರೆ ಆ ಮನೆಯವರಿಗೂ ಅದು ಹಾಗೇ ನೆನಪಿರುತ್ತದೆ. ನನ್ನ ತಲೆಯೊಳಗೂ ಯಾರೋ ಕೂತು ಇದೇ ಕೆಲಸ ಮಾಡುತ್ತಿರಬೇಕು. ಆದ್ದರಿಂದ ಇಲ್ಲಿ ಬರೆಯುವುದರ ಕ್ರಮಕ್ಕೆ ನಾನು ಜವಾಬ್ದಾರಿ ತೆಗೆದುಕೊಳ್ಳುತ್ತೇನೆ, ನಿಖರತೆಗೆ ಅಲ್ಲ.

ಚಿತ್ರ ಕೆಲವೇ ನಿಮಿಷದ್ದು. ಅದರಲ್ಲಿ ಮಾತಿಲ್ಲ. ಒಂದು ಗದ್ದೆ, ನೆಲ್ಲು ಹಚ್ಚುವ ಒಂದು ಗುಂಪು, ಬೆಳಗಿನಿಂದ ಸಂಜೆಯವರೆಗೆ. ಗುಂಪಿನಲ್ಲಿ ಒಬ್ಬಳು ನನ್ನ ಅವ್ವ. ಅವ್ವ ನನ್ನ ಜೊತೆಯಲ್ಲೇ ಇದ್ದಾಳೆ. ಕಾಲುವೆಗೆ ನೀರು ಬಿಟ್ಟು ಹಂಗಾಮು ಶುರುವಾದರೆ ಈಗಲೂ ಬುತ್ತಿ ಕಟ್ಟಿಕೊಂಡು, ಗುಂಪಿನೊಂದಿಗೆ ಟಂಟಂ ಆಟೋ ಹತ್ತಿ, ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನ ಗದ್ದೆಗಳಿಗೆ ಹೋಗುತ್ತಾಳೆ.

ಇಂಥ ಚಿತ್ರಕ್ಕೆ ಮೊದಲು ಸ್ಟೋರಿಬೋರ್ಡ್ ಬೇಕು. ಎಂದರೆ ಇಡೀ ಚಿತ್ರವನ್ನು ಚೌಕ ಚೌಕವಾಗಿ ಕಾಗದದ ಮೇಲೆ ಬರೆದಿಡುವುದು: ಯಾರು ಎಲ್ಲಿದ್ದಾರೆ, ಎತ್ತ ಸರಿಯುತ್ತಾರೆ, ನೋಡುವ ಕಣ್ಣು ಎಲ್ಲಿದೆ, ಎಷ್ಟು ಹೊತ್ತು ನೋಡುತ್ತದೆ. ಶಾಲೆಯ ಕಾಲದಿಂದ ನನ್ನ ಕೈಗೆ ಚಿತ್ರ ಬರುತ್ತದೆ. ಇದೂ ಬರುತ್ತದೆ ಅಂದುಕೊಂಡಿದ್ದೆ. ಆದರೆ ಹದಿಮೂರು ಹದಿನಾಲ್ಕು ವರ್ಷ ನಾನು ಮಾಡಿದ್ದು, ಆಗಿಹೋದದ್ದನ್ನು ಕತ್ತರಿಸುವ ಕೆಲಸ. ಆಗುವ ಮೊದಲೇ ಎಲ್ಲವನ್ನೂ ತೀರ್ಮಾನಿಸುವುದು ಬೇರೆಯೇ ಕೆಲಸ.

ಸಿಂಧನೂರಿಗೂ ಲಿಂಗಸುಗೂರಿಗೂ ನಡುವೆ ಮಸ್ಕಿ ಬರುತ್ತದೆ. ನಮ್ಮ ಮಾತುಕತೆಗೆ ಅದೇ ಜಾಗ; ಬಸ್ ನಿಲ್ದಾಣದ ಎದುರಿನ ಚಹಾದ ಹೋಟೆಲು. ಅವನು ತನ್ನ ಕರಾರು ಹೇಳಿದ್ದೂ ಅಲ್ಲೇ. ಸಂಕ್ರಾಂತಿ ಆದಮೇಲೆ ಅವನು ಹೈದರಾಬಾದಿನ ಒಂದು ಕಂಪನಿಗೆ ಸೇರುವವನಿದ್ದ. ದಸರಾದಿಂದ ಸಂಕ್ರಾಂತಿವರೆಗಿನ ಬಿಡುವು ಅವನ ಕೈಯಲ್ಲಿತ್ತು. ಅದನ್ನು ಬೀಜದ ಕಂಪನಿಯೊಂದು ಜಾಹೀರಾತಿಗಾಗಿ ಕೇಳುತ್ತಿತ್ತು. ನಾನೂ ಕೇಳುತ್ತಿದ್ದೆ.

"ನಿಮ್ಮ ಪಿಚ್ಚರ್ ಮಾಡತೀನಿ ಅಕ್ಕಾ. ಆದ್ರ ದಸರಾದೊಳಗ ಬೋರ್ಡ್ ಕೊಡಬೇಕು. ಕೊಟ್ಟಮ್ಯಾಲೆ ನಾ ಬಾಗಲಾ ಹಾಕ್ಕೊಂಡು ಕುಂದರಾವ. ಬೋರ್ಡ್ ನೋಡಿದ್ರ ಎಲ್ಲಾ ತಿಳೀಬೇಕು. ನಿಮಗ ಫೋನ್ ಮಾಡಿ ಕೇಳೂ ಪಾಳಿ ಬಂತಂದ್ರ ಅಲ್ಲಿಗೇ ಬಿಟ್ಟು ಬೀಜದವರ ಕೆಲಸ ಹಿಡೀತೀನಿ."

"ಯಾಕಪ್ಪಾ, ನನ್ನ ದನಿ ಅಷ್ಟು ಬ್ಯಾಸರೇನು?"

"ದನಿ ಅಲ್ರೀ. ಹೋದ ವರ್ಷ ಒಬ್ಬರ ಸಲುವಾಗಿ ಮಾಡಿದೆ. ದಿನಾ ಫೋನು. 'ಮೋಡ ಒಂಚೂರು ಈ ಕಡಿ ಸರಸು.' ಮರುದಿನ, 'ಬ್ಯಾಡ ಬ್ಯಾಡ, ಮೊದಲಿದ್ದಲ್ಲೇ ಇರಲಿ.' ಮೋಡ ಸರಸೂದ್ರಾಗ ವರ್ಷ ಹೋತು, ಮಳಿ ಬರಲೇ ಇಲ್ಲ. ಪಿಚ್ಚರ್ ಇನ್ನೂ ಹಂಗೇ ಬಿದ್ದೈತಿ."

ಸರಿ ಎಂದೆ. ಮೊದಲ ಕೆಲವು ಚೌಕಗಳನ್ನು ಪರೀಕ್ಷೆಗೆಂದು ಕೊಟ್ಟೆ. ನನ್ನನ್ನು ಏನೂ ಕೇಳದೆ, ಅವುಗಳನ್ನು ನೋಡಿಯೇ ಅವನು ಕಚ್ಚಾ ಗೆರೆಗಳಲ್ಲಿ ಮಾಡಿ ಕಳಿಸಿದ್ದು ಆ ವಿಡಿಯೋ. ಹೆಂಗಸರು ಮುಂದಕ್ಕೆ ನಡೆದದ್ದು ಹೀಗೆ.

ಮಾರನೆಯ ದಿನವೇ ಮಸ್ಕಿಗೆ ಹೋದೆ.

"ಏನಿದು, ಎಲ್ಲಾರೂ ಮೆರವಣಿಗಿ ಹೊಂಟಾರಲ್ಲ!"

"ನೀವೇ ಬರದೀರಿ. ಬಾಣ ನೋಡ್ರಿ ಎತ್ತ ಐತಿ," ಅಂದ ಅವನು, ನನ್ನ ಹಾಳೆಯನ್ನು ಚಹಾದ ಲೋಟಗಳ ನಡುವೆ ಹರಡಿ.

"ಬಾಣ ಬಲಕ್ಕ ಐತಿ. ಮುಖ ಎಡಕ್ಕ ಐತಿ. ಅಂದ್ರ ಹಿಂದಕ್ಕ ಸರಿಯಾಕತ್ತಾರ."

"ನಾ ಕ್ಯಾಮರಾ ಬಲಕ್ಕ ಹೊಂಟೈತಿ ಅಂತ ತಿಳಕೊಂಡೆ. ಮನಷ್ಯಾರು ಮುಖ ಇದ್ದ ಕಡಿಗೆ ಹೋಗತಾರಲ್ರೀ?"

"ನೆಲ್ಲು ಹಚ್ಚೂದು ನೋಡೇ ಇಲ್ಲೇನು ನೀ?"

"ಬಸ್ಸಿನ್ಯಾಗಿಂದ ನೋಡೀನಿ. ಬಗ್ಗಿರತಾರ. ಬಗ್ಗಿದವರು ಎತ್ತ ಹೋಗತಾರ ಅಂತ ಬಸ್ ನಿಂತು ಹೇಳತೈತೇನು?"

ಅವನ ಮನೆಯವರದು ಸಜ್ಜೆ, ತೊಗರಿ ಬಿತ್ತುವ ಮಳೆಯಾಶ್ರಿತ ಹೊಲ. ಅಲ್ಲಿ ಕೂರಿಗೆ ಮುಂದೆ ಹೋಗುತ್ತದೆ, ಕಾಳು ಬಿಡುವವರು ಅದರ ಹಿಂದೆ. ಎಲ್ಲರೂ ಮುಖವಿದ್ದ ಕಡೆಗೇ ನಡೆಯುತ್ತಾರೆ. ಬೆಳೆ ಏಳುವುದು ಬೆನ್ನ ಹಿಂದೆ. ನಮ್ಮ ಕಾಲುವೆಯ ಸೀಮೆಯಲ್ಲಿ ಅದು ಕಣ್ಣ ಮುಂದೆ ಏಳುತ್ತದೆ. ಎರಡರ ನಡುವೆ ಸ್ವಲ್ಪ ಹೊತ್ತಿನ ಬಸ್ ದಾರಿ. ಹಿಂದಕ್ಕೆ ಹೋಗುತ್ತಾರೆ ಎಂದು ಬರೆದು ತೋರಿಸಬೇಕು ಎಂದು ನನಗೆ ಹೊಳೆದಿರಲಿಲ್ಲ. ಮೂಗಿನಿಂದ ಉಸಿರಾಡುವುದನ್ನು ಬರೆದು ತೋರಿಸುತ್ತೇವೆಯೇ, ಹಾಗೆ.

"ಇದಕ್ಕೆ ಫೋನ್ ಮಾಡಬಹುದಿತ್ತಲ್ಲ?" ಅಂದೆ.

"ಅದನ್ನೇ ಹೇಳಾಕತ್ತೀನ್ರೀ. ಕೇಳೂ ಅಷ್ಟು ಸಂಶಯ ಸುದ್ದಾ ನನಗ ಬರಲಿಲ್ಲ."

ಹಾಳೆಗಳನ್ನು ಸುತ್ತಿಕೊಂಡು ಎದ್ದೆ. ಬಸ್ಸಿನಲ್ಲಿ ಕೂತು ಒಂದೇ ವಿಷಯ ಯೋಚಿಸಿದೆ: ಏನೂ ಕಂಡಿಲ್ಲದವನಿಗಾಗಿ ಬರೆಯಬೇಕು. ಕಣ್ಣಿದೆ, ಕೈ ಚುರುಕಾಗಿದೆ, ಆದರೆ ನೆಲ್ಲಿನ ಗದ್ದೆಗೆ ಕಾಲಿಟ್ಟಿಲ್ಲ. ಅಂಥವನಿಗೆ.

ಮೊದಲು ಮಾಡಿದ್ದು ತಪ್ಪು ಉಪಾಯ. ಎಲ್ಲ ಚೌಕಗಳ ಕೆಳಗೂ ಮಾತು ತುಂಬಿದೆ. ಯಾರು, ಎಲ್ಲಿ, ಏಕೆ, ಅವಳ ಮನಸ್ಸಿನಲ್ಲಿ ಏನಿದೆ, ಗಾಳಿ ಹೇಗಿದೆ. ಫೋಟೋ ತೆಗೆದು ಕಳಿಸಿದ್ದಕ್ಕೆ ಅವನಿಂದ ಬಂದ ಉತ್ತರ: "ಅಕ್ಕಾ, ಇದು ಬೋರ್ಡ್ ಅಲ್ರೀ, ಕಾಗದಾ ಬರದೀರಿ. 'ಕ್ಷೇಮ' ಅಂತ ಒಂದು ಹಾಕಿದ್ರ ಅಂಚಿ ಡಬ್ಬಿಗೆ ಒಗೀಬಹುದು." ಮಾತನ್ನೆಲ್ಲ ಅಳಿಸಿದೆ. ಅಳಿಸಿದ ಮೇಲೆ ಉಳಿದ ಗೆರೆಗಳನ್ನು ನೋಡಿದರೆ ಅವುಗಳಲ್ಲಿ ಏನೂ ಇರಲಿಲ್ಲ. ಗೆರೆಗೆ ಗೊತ್ತಿರದದ್ದನ್ನು ಮಾತು ಮುಚ್ಚಿಕೊಂಡಿತ್ತು.

ಹಾಗಾದರೆ ಗೆರೆಗೆ ಗೊತ್ತು ಮಾಡಿಸಬೇಕು. ಅವ್ವನನ್ನು ಹಿಡಿದೆ. ಅವಳು ಅಡಿಗೆಮನೆಯಲ್ಲಿ ಸೊಪ್ಪು ಸೋಸುತ್ತಿದ್ದಳು.

"ಯವ್ವಾ, ಮೊದಲು ಸಸಿ ಊರತಿಯೋ, ಕಾಲು ತಗೀತಿಯೋ?"

"ಯಾವ ಕಾಲು?"

"ಹಿಂದ ಸರಿಯೂ ಮುಂದ."

"ಊರೂದು ಊರತೀನಿ. ಕಾಲು ತಾನೇ ಬರತೈತಿ. ಅದನೇನು ಹೆಸರ ಹಿಡದು ಕರೀಬೇಕೇನು?"

"ಒಂಚೂರು ಮಾಡಿ ತೋರಸು ಬೇ."

ಅವ್ವ ಕೊತ್ತಂಬರಿ ಕಟ್ಟೊಂದನ್ನು ಹಿಡಿದು, ಸೀರೆ ಎತ್ತಿ ಸಿಕ್ಕಿಸಿ, ಬಗ್ಗಿದಳು. ಬಂಡೆಗಲ್ಲಿನ ನೆಲದ ಮೇಲೆ ಒಂದೊಂದೇ ಎಸಳು ಇಡುತ್ತ ಗ್ಯಾಸ್ ಕಟ್ಟೆಯವರೆಗೂ ನೆಟ್ಟಗೆ ಮುಂದೆ ನಡೆದಳು. ತಲೆ ಕಟ್ಟೆಗೆ ಬಡಿಯಿತು.

"ಮುಂದ ಹೊಂಟಿಯಲ್ಲ!"

"ಹೌದಲ್ಲ!" ಎಂದು ಅವಳೂ ಬೆರಗಾದಳು. ಇನ್ನೊಮ್ಮೆ ಮಾಡಿದಳು, ಇನ್ನೊಮ್ಮೆಯೂ ಮುಂದೆಯೇ. "ಇಲ್ಲಿ ಕೆಸರೆಲ್ಲೈತಿ? ಕೆಸರಿಲ್ಲದ ಕಾಲು ಹಿಂದ ಹೋಗಂಗಿಲ್ಲ. ನನ್ನ ಕೊತ್ತಂಬರಿ ಹಾಳು ಮಾಡಿದಿ. ಮದುವಿ ಮಾಡಿಸಿ ಮಾಡಿಸಿ ತಲಿ ತಿರಗೈತಿ ನಿನಗ."

ಬಲ್ಲವರನ್ನು ಕೇಳಿದರೆ ತಿಳಿಯುತ್ತದೆ ಎಂಬ ನಂಬಿಕೆಯೂ ಅಲ್ಲಿಗೆ ಮುಗಿಯಿತು. ಒಂದು ಭಾನುವಾರ ಟಂಟಂ ಹತ್ತಿ ಗುಂಪಿನ ಜೊತೆಗೇ ಹೋದೆ.

"ಕ್ಯಾಮರಾದಾಕಿ ಬಂದಾಳ, ಸೆರಗು ಸರಿ ಮಾಡ್ಕೊಳ್ರೇ," ಅಂದಳು ಒಬ್ಬಾಕೆ.

"ಯಾರ ಮದುವಿ ಇವತ್ತು?"

"ನಿಂದೇ. ಮದುಮಗ ಬದುವಿನ ಮ್ಯಾಲೆ ಬೀಡಿ ಸೇದಾಕತ್ತಾನ ನೋಡು."

ಫೋನಿನಲ್ಲಿ ತೆಗೆದ ಫೋಟೋಗಳಿಂದ ಪ್ರಯೋಜನವಾಗಲಿಲ್ಲ. ನೀರಿನಲ್ಲಿ ಆಕಾಶ ಹೊಳೆದು ಕಾಲುಗಳೆಲ್ಲ ಮಾಯ. ವಿಡಿಯೋ ತೆಗೆದು, ಮನೆಯಲ್ಲಿ ನಿಲ್ಲಿಸಿ ನಿಲ್ಲಿಸಿ ಅದರ ಮೇಲೆ ಗೆರೆ ಎಳೆದೆ. ಎಲ್ಲವೂ ಇತ್ತು, ಏನೂ ಅಲುಗಲಿಲ್ಲ. ಮುಂದಿನ ಭಾನುವಾರ ಚಪ್ಪಲಿ ಬಿಟ್ಟು ಗದ್ದೆಗೆ ಇಳಿದೆ. ಮೊದಲ ಸಾಲಿನಲ್ಲೇ ಕುಂಡೆ ಊರಿ ಕೂತೆ. ಅವರೆಲ್ಲ ನಕ್ಕಿದ್ದು ಎಷ್ಟು ಹೊತ್ತೆಂದರೆ ಅಷ್ಟರಲ್ಲಿ ನನ್ನ ಎಡಬಲದವರು ಊರುತ್ತ ಹಿಂದೆ ಸರಿದುಹೋಗಿದ್ದರು. ಅವರ ಸಸಿ ಎರಡೂ ಕಡೆಯಿಂದ ನನ್ನನ್ನು ಸುತ್ತಿಕೊಂಡಿತ್ತು. "ಮನಿ ಕಟ್ಟಿಕೊಂಡ್ಳು ನೋಡ್ರೇ!" ಎಂದು ಕೂಗಿದರು. ಹಿಂದೆ ಬಿದ್ದವಳನ್ನು ಅವರು ಹಾಗೆ ಕಾಡಿಸುತ್ತಾರೆ. ನಡುವೆ ಒಬ್ಬಳು, ಸುತ್ತ ಹಸಿರಿನ ಗೋಡೆ, ಹಿಂದೆ ಮಾತ್ರ ಬಾಗಿಲು.

ಅಂದು ಬದುವಿನ ಮೇಲೆ ಕೂತು ಕೆಸರು ಕೈಯಿಂದಲೇ ಬರೆದೆ. ಕೈ ಮೊದಲು, ಕಾಲು ಆಮೇಲೆ. ಎಡಗೈಯಲ್ಲಿ ಸಸಿಯ ಕಟ್ಟು, ಬಲಗೈ ಊರುತ್ತದೆ. ಎಡಗೈಯ ಹೆಬ್ಬೆರಳು ಮುಂದಿನ ಸಸಿಯನ್ನು ಅಷ್ಟರಲ್ಲೇ ಬಿಡಿಸಿ ಕೊಡುತ್ತದೆ. ಕಟ್ಟು ಸಣ್ಣದಾಗುತ್ತ ಹೋಗುತ್ತದೆ. ಹಾಗಾಗಿ ಪ್ರತಿ ಚೌಕದಲ್ಲೂ ಅದು ಹಿಂದಿನದಕ್ಕಿಂತ ಸಣ್ಣದಿರಬೇಕು. ಕಾಲು ಕಿತ್ತ ಜಾಗದಲ್ಲಿ ನೀರು ತುಂಬಿಕೊಳ್ಳುತ್ತದೆ. ಬದು ಬಂದದ್ದು ಕಣ್ಣಿಗೆ ಗೊತ್ತಾಗುವುದಿಲ್ಲ, ಹಿಮ್ಮಡಿಗೆ ಗೊತ್ತಾಗುತ್ತದೆ. ಬಾಣವನ್ನೂ ಎರಡು ಬಗೆ ಮಾಡಿದೆ: ಮನುಷ್ಯರು ಸರಿಯುವುದಕ್ಕೆ ತುಂಬಿದ ಕರಿ ಬಾಣ, ಕ್ಯಾಮರಾ ಸರಿಯುವುದಕ್ಕೆ ಟೊಳ್ಳು ಬಾಣ. ಪ್ರತಿ ದೃಶ್ಯದ ತಲೆಯ ಮೇಲೆ ಗದ್ದೆಯನ್ನು ಮೇಲಿನಿಂದ ನೋಡಿದ ಹಾಗೆ ಚಿಕ್ಕ ನಕ್ಷೆ: ಶುರುವಿನ ಬದು, ಕೊನೆಯ ಬದು, ಚುಕ್ಕಿಗಳಾಗಿ ಹೆಂಗಸರು, ಸೂರ್ಯ, ಮತ್ತು ನೋಡುವ ಕಣ್ಣು.

ಆ ನಕ್ಷೆ ನನ್ನ ಮೊದಲ ಚೌಕವನ್ನೇ ಕೆಡಿಸಿತು.

ಚಿತ್ರದ ಮೊದಲ ಚೌಕ ನನ್ನ ಸ್ವಂತ ನೆನಪು. ಇಡೀ ಚಿತ್ರ ಹುಟ್ಟಿದ್ದೇ ಅದರಿಂದ. ನಾನು ಚಿಕ್ಕವಳು, ಬದುವಿನ ಮೇಲೆ ಕೂತಿದ್ದೇನೆ. ಅವ್ವ ಬಗ್ಗಿ ಸಸಿ ಊರುತ್ತ ನನ್ನ ಕಡೆಗೆ ಬರುತ್ತಿದ್ದಾಳೆ. ಅವಳ ಮುಖ ನನಗೆ ಕಾಣುತ್ತಿದೆ. ಹತ್ತಿರ, ಇನ್ನೂ ಹತ್ತಿರ. ನಕ್ಷೆಯಲ್ಲಿ ಆ ಕಣ್ಣನ್ನು ಎಲ್ಲಿ ಇಡಬೇಕು ಎಂದು ನೋಡಿದೆ. ಶುರುವಿನ ಬದುವಿನ ಮೇಲೆ ಇಟ್ಟರೆ ಮುಖ ಕಾಣುತ್ತದೆ, ಆದರೆ ಅವ್ವ ದೂರ ಹೋಗುತ್ತಾಳೆ. ಕೊನೆಯ ಬದುವಿನ ಮೇಲೆ ಇಟ್ಟರೆ ಅವ್ವ ಹತ್ತಿರ ಬರುತ್ತಾಳೆ, ಆದರೆ ಕಾಣುವುದು ಅವಳ ಬೆನ್ನು. ಊರುತ್ತ, ಮುಖ ತೋರಿಸುತ್ತ, ಹತ್ತಿರ ಬರುವ ಅವ್ವನನ್ನು ಕಾಣಲು ಆ ಗದ್ದೆಯಲ್ಲಿ ಜಾಗವೇ ಇಲ್ಲ.

ಪೆನ್ಸಿಲ್ ಇಟ್ಟು ಅವ್ವನ ಹತ್ತಿರ ಹೋದೆ. "ನಾ ಸಣ್ಣಾಕಿದ್ದಾಗ ಗದ್ದ್ಯಾಗ ಎಲ್ಲಿ ಕುಂದರತಿದ್ದೆ?"

"ನೀ ಗದ್ದಿಗೆ ಬರತಿದ್ದಿ ಅಂತ ಯಾರ ಹೇಳಿದ್ರು? ನಿಮ್ಮಜ್ಜಿ ಹತ್ರ ಬಿಟ್ಟು ಹೋಗತಿದ್ದೆ. ಒಮ್ಮೆ ಬಂದಿ, ಏಡಿ ನೋಡಿ ಹಟ್ಟಿ ಹಾರಿ ಹೋಗೂವಂಗ ಅತ್ತಿ."

ಕೆಲವು ದಿನ ಬಿಟ್ಟು ಮತ್ತೆ ಅದನ್ನೇ ಕೇಳಿದೆ. "ದಿನಾ ಬರತಿದ್ದಿ," ಅಂದಳು. "ಬದುವಿನ ಮ್ಯಾಲೆ ಮಕ್ಕೊಂತಿದ್ದಿ." ಮೂರನೇ ಸಲ ಕೇಳಲಿಲ್ಲ.

ಚೌಕವನ್ನು ಕಿತ್ತೆಸೆಯುವುದು ಸುಲಭವಿತ್ತು. ಎಸೆದು ನೋಡಿದೆ ಕೂಡ; ಉಳಿದದ್ದು ನೆಲ್ಲು ಹಚ್ಚುವುದು ಹೇಗೆ ಎಂದು ಕಲಿಸುವ ಪಾಠದಂತಿತ್ತು. ಸ್ಟುಡಿಯೋದಲ್ಲಿ ನಮಗೊಂದು ಆಟವಿದೆ. ವಿಡಿಯೋವನ್ನು ಹಿಂದುಮುಂದಾಗಿ ಓಡಿಸಿದರೆ ವಧೂವರರ ತಲೆಯ ಮೇಲಿನ ಅಕ್ಕಿಕಾಳು ಹಾರಿ ಜನರ ಕೈಗೆ ವಾಪಸು ಹೋಗುತ್ತದೆ. ಮನೆಯವರು ಇದನ್ನು ಕೇಳಿ ಕೇಳಿ ಹಾಕಿಸಿಕೊಳ್ಳುತ್ತಾರೆ. ಒಂದು ಮಧ್ಯಾಹ್ನ ಗದ್ದೆಯ ವಿಡಿಯೋವನ್ನು ಹಾಗೆ ಓಡಿಸಿದೆ. ಸಸಿ ಒಂದೊಂದೇ ಕೆಸರಿನಿಂದ ಎದ್ದು ಅವ್ವನ ಕೈ ಸೇರಿತು. ಕೈಯ ಕಟ್ಟು ದಪ್ಪವಾಗುತ್ತ ಬಂತು. ಗದ್ದೆ ಬರಿದಾಗುತ್ತ ಬಂತು. ಅವ್ವ ಮುಖ ತೋರಿಸುತ್ತ, ಹತ್ತಿರ ಹತ್ತಿರ, ನನ್ನ ಕಡೆಗೆ ನಡೆದು ಬಂದಳು.

ನನ್ನ ನೆನಪು ಇದೇ ಎಂದು ಹೇಳುವುದಿಲ್ಲ. ಆ ವಿಡಿಯೋ ನೋಡಿದ ಮೇಲೆ ನೆನಪೇ ಅದರ ಹಾಗೆ ತಿದ್ದಿಕೊಂಡಿರಬಹುದು. ಆದರೆ ಈ ದೃಶ್ಯ ಚಿತ್ರದಲ್ಲಿ ಇರಲೇಬೇಕು ಎಂದು ಆಗಲೇ ತೀರ್ಮಾನಿಸಿದೆ. ಮೊದಲಲ್ಲಿ ಅಲ್ಲ, ನಡುವಿನ ನಂತರ. ಕೂಡಲೇ ಇನ್ನೊಂದೂ ತಿಳಿಯಿತು. ಬೇರೆಲ್ಲ ದೃಶ್ಯಗಳಲ್ಲಿ ಕೈಯೂ ಕಾಲೂ ಕೂದಲೆಳೆಯಷ್ಟು ತಪ್ಪದೆ ಇದ್ದರೆ ಮಾತ್ರ ಇದು ಬೇಕೆಂದೇ ಮಾಡಿದ್ದು ಎಂದು ನೋಡುವವರಿಗೆ ಗೊತ್ತಾಗುತ್ತದೆ. ಒಂದು ಕಡೆ ಎಡವಿದರೂ ಇದೂ ಎಡವಿದ್ದೇ ಆಗುತ್ತದೆ. ಪಟ್ಟು ಹಿಡಿದು ಕೂತೆ. ಹಾಳೆಗಳ ಮೇಲೆ ಹಾಳೆ ಹರಿದೆ. "ರದ್ದಿಯಂವ ನಿನ್ನ ಹೆಸರಾಗ ಮನಿ ಕಟ್ಟಿಸ್ಯಾನ," ಎಂದಳು ಅವ್ವ.

ದಸರಾಕ್ಕೆ ಮೊದಲು ಮಸ್ಕಿಯಲ್ಲಿ ಪೂರ್ತಿ ಬೋರ್ಡ್ ಕೊಟ್ಟೆ. ಅವನು ಚಹಾ ಆರಲು ಬಿಟ್ಟು ಒಂದೊಂದೇ ಹಾಳೆ ತಿರುವಿದ. ಹಿಂದುಮುಂದಾಗಿ ಓಡುವ ಆ ದೃಶ್ಯಕ್ಕೆ ಬಂದು ನಿಂತ.

"ಇದು ತಪ್ಪಿ ಬಂದದ್ದೋ, ಬೇಕಂತ ಬರದದ್ದೋ?"

"ನಿನಗ ಏನನಸತೈತಿ?"

ಅವನು ಹಾಳೆಗಳನ್ನು ಮತ್ತೆ ಮೊದಲಿನಿಂದ ನೋಡಿದ. "ಇದೊಂದನ್ನೇ ನೋಡಿದ್ರ ತಪ್ಪ ಅನಸತೈತಿ. ಹಿಂದಿನ ಹಾಳಿ ನೋಡಿ ಬಂದವರಿಗೆ ಬೇಕಂತ ಅನಸತೈತಿ." ಆಮೇಲೆ ಹಾಳೆಗಳನ್ನು ಜೋಡಿಸಿ ಚೀಲಕ್ಕೆ ಹಾಕಿಕೊಂಡ. "ಬೀಜದವರಿಗೆ ಇಲ್ಲ ಅಂತ ಹೇಳತೀನಿ. ಕರಾರು ನೆನಪೈತಲ್ರೀ?"

ಕರಾರು ಮರೆಯುವಂತಿರಲಿಲ್ಲ. ದೀಪಾವಳಿಯವರೆಗೂ ಫೋನು ರಿಂಗಾದಾಗಲೆಲ್ಲ ಓಡಿ ಹೋಗಿ ಹೆಸರು ನೋಡುತ್ತಿದ್ದೆ. ಮದುವೆ ಮನೆಯವರು, ಗ್ಯಾಸಿನವರ ಮೆಸೇಜು, ಸಾಲ ಬೇಕೇ ಎಂದು ಕೇಳುವ ಹುಡುಗಿಯರು. ಅವನಲ್ಲ. ಪ್ರತಿ ಸಲ ಅವನಲ್ಲ ಎಂದು ಗೊತ್ತಾದಾಗ ಸ್ವಲ್ಪ ಗೆದ್ದಂತಾಗುತ್ತಿತ್ತು.

ದೀಪಾವಳಿ ಕಳೆದ ಮೇಲೆ ಒಂದು ಸಂಜೆ ವಿಡಿಯೋ ಬಂತು. ಜೊತೆಗೆ ಒಂದಕ್ಷರವೂ ಇರಲಿಲ್ಲ. ಆರಂಭದ ದೃಶ್ಯಗಳು ಪೂರ್ತಿಯಾಗಿದ್ದವು, ಬಣ್ಣದ ಸಮೇತ. ಅವನು ಏನನ್ನೂ ಕೇಳದೆ ಮಾಡಿ ಮುಗಿಸಿದ್ದ. ಹೆಂಗಸರು ಹಿಂದಕ್ಕೆ ಸರಿಯುತ್ತಿದ್ದರು. ಕಾಲು ಕಿತ್ತಲ್ಲಿ ನೀರು ತುಂಬುತ್ತಿತ್ತು. ಅವ್ವನನ್ನು ಕರೆದು ತೋರಿಸಿದೆ.

"ಸೀರಿ ಬಣ್ಣ ಚಲೋ ಐತಿ," ಅಂದಳು. "ನನ್ನ ಸ್ವಾಂಟ ಇಷ್ಟು ಸಣ್ಣ ಇದ್ದದ್ದು ಯಾವಾಗ? ಊಟದ್ದು ಎಲ್ಲೈತಿ?" ಊಟದ ದೃಶ್ಯವೆಂದರೆ ಬದುವಿನ ಮೇಲೆ ಎಲ್ಲರೂ ಕೂತು ರೊಟ್ಟಿ, ಪುಂಡಿಪಲ್ಯ ಬಿಚ್ಚುವುದು, ಅವ್ವ ಯಾರನ್ನೋ ಅಣಕಿಸಿ ತೋರಿಸುವುದು. ಬೋರ್ಡಿನಲ್ಲಿ ಅವಳಿಗೆ ಅರ್ಥವಾಗಿದ್ದ, ದಿನಾ ತೆಗೆದು ನೋಡುತ್ತಿದ್ದ ಹಾಳೆ ಅದೊಂದೇ. "ಬರತೈತಿ ಯವ್ವಾ, ಅದು ಮುಂದಿಂದು," ಅಂದೆ.

ವಿಡಿಯೋವನ್ನು ಮತ್ತೆ ನೋಡುವಾಗ ತಪ್ಪು ಸಿಕ್ಕಿತು. ಎರಡನೇ ದೃಶ್ಯದಲ್ಲಿ ಅವ್ವ ಎದುರಿನಿಂದ ಕಾಣುತ್ತಾಳೆ. ಕಟ್ಟು ಅವಳ ಬಲಗೈಯಲ್ಲಿತ್ತು, ಊರುತ್ತಿದ್ದದ್ದು ಎಡಗೈ. ಮೂರನೇ ದೃಶ್ಯಕ್ಕೆ ಬಂದಾಗ ಕಟ್ಟು ಎಡಗೈಗೆ ಹೋಗಿತ್ತು. ನನ್ನ ಹಾಳೆಯ ನಕಲು ತೆಗೆದು ನೋಡಿದೆ. ಅವನು ನಾನು ಬರೆದಂತೆಯೇ ಮಾಡಿದ್ದ. ಆ ಚೌಕಗಳಿಗೆ ಅವ್ವ ನಿಲ್ಲಲು ಒಪ್ಪದಿದ್ದಾಗ ನಾನೇ ಬೀರುವಿನ ಕನ್ನಡಿ ಮುಂದೆ ಬಗ್ಗಿ ನಿಂತು ಬರೆದುಕೊಂಡಿದ್ದೆ. ಕನ್ನಡಿ ಕೈ ಬದಲಿಸಿ ತೋರಿಸಿದ್ದನ್ನು ಹಾಗೇ ಕಾಗದಕ್ಕೆ ಇಳಿಸಿದ್ದೆ. ಬೋರ್ಡ್ ಎಷ್ಟು ಸ್ಪಷ್ಟವಾಗಿತ್ತೆಂದರೆ ನನ್ನ ತಪ್ಪು ಒಂದಿಷ್ಟೂ ಕೆಡದೆ ಬಣ್ಣ ತುಂಬಿಕೊಂಡು ಬಂದಿತ್ತು.

ಅವ್ವನಿಗೆ ಹೇಳಿದೆ. ಅವಳು ಗಮನಿಸಿರಲಿಲ್ಲ. "ಬಿಡು, ನಮ್ಮ ಗುಂಪಿನ್ಯಾಗ ಒಬ್ಬಾಕಿ ಎಡಚಿ ಅದಾಳ. ಆಕೀನೇ ಅಂತ ತಿಳಕೊಂತಾರ."

ಎಡಚಿಯೂ ನಡುವೆ ಕೈ ಬದಲಿಸುವುದಿಲ್ಲ. ಇದನ್ನು ಹೀಗೇ ಬಿಟ್ಟರೆ ಯಾರೂ ತಪ್ಪು ಎನ್ನದಿರಬಹುದು. ಆದರೆ ಆ ಹಿಂದುಮುಂದಿನ ದೃಶ್ಯ ಬಂದಾಗ, ಕೈ ಬದಲಾದದ್ದನ್ನು ಕಂಡ ಕಣ್ಣು ಅದನ್ನೂ ತಪ್ಪಿನ ಲೆಕ್ಕಕ್ಕೇ ಸೇರಿಸುತ್ತದೆ. ಕರಾರು ಅವನು ಫೋನ್ ಮಾಡಬಾರದು ಎಂದಿತ್ತು. ನನ್ನ ಬಗ್ಗೆ ಏನೂ ಹೇಳಿರಲಿಲ್ಲ. ಆದರೂ ಫೋನಿನಲ್ಲಿ ಮೋಡ ಸರಿಸಿದವರ ಸಾಲಿಗೆ ಸೇರಲು ಮನಸ್ಸಾಗಲಿಲ್ಲ. ಆ ಚೌಕಗಳನ್ನು ಹೊಸದಾಗಿ ಬರೆದು, ಬೆಳಿಗ್ಗೆ ಮೊದಲ ಬಸ್ಸು ಹಿಡಿದು, ಮಸ್ಕಿಯಲ್ಲಿ ಇಳಿಯದೆ ನೆಟ್ಟಗೆ ಲಿಂಗಸುಗೂರಿಗೆ ಹೋದೆ.

ಮಾಳಿಗೆಯ ಬಾಗಿಲು ತೆಗೆದವನು ಗಾಬರಿಯಾದ. "ನಾ ಫೋನ್ ಮಾಡಿಲ್ಲಲ್ರೀ ಅಕ್ಕಾ!"

"ನೀ ಮಾಡಿಲ್ಲ. ನಾ ತಪ್ಪು ಬರದೀನಿ."

ಗೋಡೆಯ ತುಂಬ ನನ್ನ ಹಾಳೆಗಳು ಅಂಟಿದ್ದವು. ಎರಡನೇ ದೃಶ್ಯದ ಮುಂದೆ ನಿಂತು ತೋರಿಸಿದೆ. ಅವನು ತಲೆ ಕೆರೆದುಕೊಂಡ. "ಮಗುಚಿ ಹಾಕಿಬಿಡಲೇನ್ರೀ? ಒಂದು ಬಟನ್. ಬಲ ಎಡ ಆಗತೈತಿ."

"ಬದು? ಬದು ಆ ಕಡಿ ಹೋಗತೈತಿ. ಸೂರ್ಯನೂ ಹೋಗತಾನ. ಎಡಗಡಿ ಇದ್ದಾಕಿ ಬಲಕ್ಕ ಬರತಾಳ."

ಅವನು ನಕ್ಷೆ ನೋಡಿದ, ನನ್ನ ಮುಖ ನೋಡಿದ. "ನಕ್ಷೆ ಇಲ್ಲದಿದ್ರ ಮಗುಚಿ ಹಾಕತಿದ್ದೆ. ಯಾರಿಗೂ ಗೊತ್ತಾಗತಿರಲಿಲ್ಲ." ಕುರ್ಚಿಯಲ್ಲಿ ಕೂತು ತನ್ನ ಕೆಲಸದ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ತೆರೆದ. ಎರಡನೇ ದೃಶ್ಯವನ್ನು ಮೊದಲಿನಿಂದ ಮಾಡಬೇಕು. ಸಂಕ್ರಾಂತಿ ಹಿಂದೆ ಸರಿಯುವುದಿಲ್ಲ. "ಇದನ್ನ ಮಾಡಿದ್ರ ಇನ್ನೊಂದು ಬಿಡಬೇಕಾಗತೈತಿ. ಎರಡೂ ಆಗಂಗಿಲ್ಲ, ಅಕ್ಕಾ. ಯಾವುದು ಬಿಡಲಿ? ಹಿಂದುಮುಂದಿಂದು ಬಿಡಲೇ? ಅದು ಭಾಳ ತ್ರಾಸಿಂದು."

"ಅದು ಬ್ಯಾಡ."

"ಮತ್ತ?"

ಗೋಡೆಯ ಹಾಳೆಗಳ ಮುಂದೆ ಒಮ್ಮೆ ಆ ತುದಿಯಿಂದ ಈ ತುದಿಯವರೆಗೆ ನಡೆದೆ. ಊಟದ ದೃಶ್ಯ ನಡುವೆ ಇತ್ತು. ಅದನ್ನು ನಾನು ಪ್ರೀತಿಯಿಂದ ಬರೆದಿದ್ದೆ. ಅವ್ವನ ಬಾಯಿ, ಅವಳ ಕೈ, ಸುತ್ತ ನಗುವವರು, ಬಿಚ್ಚಿದ ಬುತ್ತಿಯ ಬಟ್ಟೆ. ಅದನ್ನು ತೆಗೆದರೆ ಹಿಂದಿನ ದೃಶ್ಯ ಮುಂದಿನದಕ್ಕೆ ಸರಿಯಾಗಿ ಕೂಡುತ್ತಿತ್ತು. ಕಟ್ಟಿನ ಅಳತೆ ಕೂಡ ಕೂಡುತ್ತಿತ್ತು.

"ಊಟದ್ದು ತಗೀ," ಅಂದೆ.

"ಅವ್ವಾರದ್ದಾ? ಅದು ಚಲೋ ಐತಲ್ರೀ!"

"ಚಲೋ ಐತಿ. ತಗೀ."

ಅವನು ಏಳಲಿಲ್ಲ. ನಾನೇ ಹಾಳೆಯನ್ನು ಗೋಡೆಯಿಂದ ಬಿಡಿಸಿ, ಮಡಿಸದೆ, ಚೀಲದಲ್ಲಿ ಇಟ್ಟುಕೊಂಡೆ. ಅವ್ವನಿಗೆ ಹೇಳುವುದು ನನ್ನ ಪಾಲಿನ ಕೆಲಸ. ಹೊಸ ಚೌಕಗಳನ್ನು ಎರಡನೇ ದೃಶ್ಯದ ಹಳೆಯ ಚೌಕಗಳ ಮೇಲೆ ಅಂಟಿಸಿದೆ. ಅವನು ಕಂಪ್ಯೂಟರಿನಲ್ಲಿ ಎರಡನೇ ದೃಶ್ಯವನ್ನು ಪೂರ್ತಿ ಅಳಿಸಿ, ಬಿಳಿ ಚೌಕವೊಂದನ್ನು ತೆರೆದು, ಮೊದಲು ಬದು ಎಳೆದ, ಆಮೇಲೆ ಅವ್ವನ ಎಡಗೈ.